ಒಳ್ಳೆಯ ಷೇರು ಟ್ರೇಡರ್‌ಗೆ ಬೇಕಾದ ಸ್ವಭಾವ ಎಂಥದ್ದು?

ಮೊಬೈಲ್ ಫೋನಿನಲ್ಲೇ ಖಾತೆ ತೆರೆದು ಷೇರು ಕೊಂಡು ಮಾರುವುದು ಈಗ ಕೆಲವು ನಿಮಿಷಗಳ ಕೆಲಸ. ಹಿಂದೆ ಬ್ರೋಕರ್‌ಗೆ ಫೋನ್ ಮಾಡಿ, ಕಮಿಷನ್ ಲೆಕ್ಕ ಹಾಕಿ, ಒಂದು ರಾತ್ರಿ ಯೋಚಿಸಿ ಮಾಡುತ್ತಿದ್ದ ವ್ಯವಹಾರವನ್ನು ಜನ ಬಸ್ಸಿಗೆ ಕಾಯುತ್ತ ನಿಂತಲ್ಲೇ ಮುಗಿಸುತ್ತಿದ್ದಾರೆ. ಹೀಗೆ ಒಳಬರುವುದು ಸುಲಭವಾದ ಮೇಲೆ ಬಹಳ ಜನರನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಈ ಕೆಲಸಕ್ಕೆ ಬೇಕಾದ ಗುಣ ನನ್ನಲ್ಲಿದೆಯೇ?

ಸಾಮಾನ್ಯವಾಗಿ ಸಿಗುವ ಉತ್ತರ ಸಿನಿಮೀಯವಾದದ್ದು. ಗಟ್ಟಿ ಗುಂಡಿಗೆ, ಚುರುಕು ಬುದ್ಧಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧಾರ, ಸೋಲಿಗೆ ಜಗ್ಗದ ಛಲ. ಸಂಶೋಧಕರು ಸಾವಿರಾರು ಖಾತೆಗಳ ದಾಖಲೆಗಳನ್ನು ಬಿಡಿಸಿ ನೋಡಿದಾಗ ಕಂಡ ಚಿತ್ರ ಬೇರೆಯೇ. ಈ ನಾಲ್ಕರಲ್ಲಿ ಬುದ್ಧಿಯೊಂದನ್ನು ಬಿಟ್ಟರೆ ಉಳಿದ ಮೂರೂ ಟ್ರೇಡರ್‌ಗೆ ಆಗಾಗ ಕೈಕೊಡುತ್ತವೆ. ಛಲವಂತೂ ಒಂದು ಹಳೆಯ ಬ್ಯಾಂಕನ್ನೇ ಮುಳುಗಿಸಿದೆ.

ಟ್ರೇಡಿಂಗ್ ಬೇರೆ, ಹೂಡಿಕೆ ಬೇರೆ

ಮೊದಲು ಈ ಎರಡನ್ನು ಬೇರ್ಪಡಿಸಿಕೊಳ್ಳಬೇಕು. ಹೂಡಿಕೆದಾರರು ಒಂದು ಕಂಪನಿಯ ಪಾಲು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಕಂಪನಿ ಬೆಳೆದರೆ, ಲಾಭಾಂಶ ಕೊಟ್ಟರೆ ಅವರಿಗೂ ಪಾಲು ಸಿಗುತ್ತದೆ. ಒಟ್ಟು ಆರ್ಥಿಕತೆ ಬೆಳೆಯುತ್ತಿದ್ದರೆ ಎಲ್ಲ ಹೂಡಿಕೆದಾರರೂ ಒಟ್ಟಿಗೇ ಗಳಿಸುವುದು ಸಾಧ್ಯ. ಟ್ರೇಡರ್ ಎಂದರೆ ಬೆಲೆಯ ಏರಿಳಿತದಿಂದಲೇ ಲಾಭ ಮಾಡಿಕೊಳ್ಳಲು ಹೊರಟವರು. ಅವರ ಅವಧಿ ಕೆಲವು ನಿಮಿಷ, ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳು. ಕೊಂಡ ದಿನವೇ ಮಾರಿಬಿಡುವುದು ಇಂಟ್ರಾಡೇ. ಷೇರನ್ನೇ ಕೊಳ್ಳದೆ ಅದರ ಮುಂದಿನ ಬೆಲೆಯ ಮೇಲೆ ಒಪ್ಪಂದ ಮಾಡಿಕೊಳ್ಳುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್.

ಇಷ್ಟು ಕಿರು ಅವಧಿಯಲ್ಲಿ ಕಂಪನಿ ಬೆಳೆಯುವುದಿಲ್ಲ. ಹಾಗಾಗಿ ಒಬ್ಬರ ಲಾಭ ಬಹುಮಟ್ಟಿಗೆ ಇನ್ನೊಬ್ಬರ ನಷ್ಟವೇ ಆಗಿರುತ್ತದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಈ ಲೆಕ್ಕ ಕರಾರುವಾಕ್ಕು. ಗೆದ್ದವರೂ ಸೋತವರೂ ಬ್ರೋಕರೇಜ್ (ಬ್ರೋಕರ್‌ನ ಕಮಿಷನ್) ಮತ್ತು ತೆರಿಗೆ ಕಟ್ಟಲೇಬೇಕು. ಎಲ್ಲ ಟ್ರೇಡರ್‌ಗಳ ಲಾಭ ನಷ್ಟ ಕೂಡಿಸಿ ಖರ್ಚು ಕಳೆದರೆ ಉಳಿಯುವುದು ಸೊನ್ನೆಗಿಂತ ಕಡಿಮೆ. ಸರಾಸರಿ ಟ್ರೇಡರ್ ಸೋಲುವುದು ಅವರ ಅವಗುಣದಿಂದಲ್ಲ, ಈ ವ್ಯವಸ್ಥೆಯ ಗಣಿತವೇ ಹಾಗಿದೆ.

ಗೆಲ್ಲಬೇಕಾದರೆ ಉಳಿದವರಿಗಿಲ್ಲದ ಒಂದು ಸಣ್ಣ ಮೇಲುಗೈ ಬೇಕು. ವೃತ್ತಿಯಲ್ಲಿರುವವರು ಇದನ್ನು ಎಡ್ಜ್ ಎನ್ನುತ್ತಾರೆ. ಅದು ಉತ್ತಮ ಮಾಹಿತಿಯಾಗಿರಬಹುದು, ಚೆನ್ನಾಗಿ ಪರೀಕ್ಷಿಸಿದ ಒಂದು ನಿಯಮವಾಗಿರಬಹುದು, ಕಡಿಮೆ ಖರ್ಚಾಗಿರಬಹುದು. ಸ್ವಭಾವದ ಪಾತ್ರ ಬರುವುದು ಅದರ ನಂತರ. ಮೇಲುಗೈ ನೀರಾದರೆ ಸ್ವಭಾವ ಕೊಡ. ಕೊಡ ಎಷ್ಟು ಗಟ್ಟಿಯಿದ್ದರೂ ಅದರಿಂದ ನೀರು ಹುಟ್ಟುವುದಿಲ್ಲ, ತೂತಾಗಿದ್ದರೆ ಮಾತ್ರ ತಂದದ್ದೆಲ್ಲ ಸೋರಿಹೋಗುತ್ತದೆ.

ಗೆಲ್ಲುವವರು ಎಷ್ಟು ಮಂದಿ?

ತೈವಾನ್‌ನಲ್ಲಿ 1992ರಿಂದ 2006ರವರೆಗಿನ ಇಂಟ್ರಾಡೇ ವಹಿವಾಟುಗಳನ್ನು ಪರಿಶೀಲಿಸಿದ ಸಂಶೋಧಕರಿಗೆ, ಖರ್ಚು ಕಳೆದ ಮೇಲೂ ವರ್ಷದಿಂದ ವರ್ಷಕ್ಕೆ ಲಾಭ ಉಳಿಸಿಕೊಳ್ಳಬಲ್ಲವರು ಶೇ 1ಕ್ಕಿಂತ ಕಡಿಮೆ ಎಂದು ಕಂಡುಬಂತು. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಸೂಚ್ಯಂಕ ಫ್ಯೂಚರ್ಸ್‌ಗೆ ಹೊಸದಾಗಿ ಇಳಿದು 300 ದಿನಗಳಿಗಿಂತ ಹೆಚ್ಚು ಕಾಲ ಪಟ್ಟು ಬಿಡದೆ ಇಂಟ್ರಾಡೇ ಮಾಡಿದವರಲ್ಲಿ ಶೇ 97ರಷ್ಟು ಜನ ಹಣ ಕಳೆದುಕೊಂಡಿದ್ದರು. ಭಾರತದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೂ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟವಾಗಿದೆ.

ಸೋತ ಇಷ್ಟು ಜನರಲ್ಲಿ ಧೈರ್ಯವಂತರು, ಜಾಣರು, ಶ್ರಮಜೀವಿಗಳು ಇರಲಿಲ್ಲ ಎನ್ನಲಾಗದು. ಬ್ರೆಜಿಲ್‌ನ ಅಂಕಿಯಂತೂ ಬಿಡದೆ ಮುಂದುವರಿದವರದ್ದೇ.

ಟ್ರೇಡರ್ ಸ್ವಭಾವ ಎಂಬುದೊಂದು ಇದೆಯೇ?

ಮನಶ್ಶಾಸ್ತ್ರಜ್ಞರು ವ್ಯಕ್ತಿತ್ವವನ್ನು ಅಳೆಯಲು ಸಾಮಾನ್ಯವಾಗಿ ಐದು ಗುಣಗಳನ್ನು ಬಳಸುತ್ತಾರೆ: ಹೊಸತಿಗೆ ತೆರೆದುಕೊಳ್ಳುವುದು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಈ ಐದರ ಒಂದು ನಿರ್ದಿಷ್ಟ ಹದ ಇದ್ದವರು ಟ್ರೇಡಿಂಗ್‌ನಲ್ಲಿ ಗೆಲ್ಲುತ್ತಾರೆಯೇ?

ಆಂಡ್ರ್ಯೂ ಲೋ, ಡಿಮಿಟ್ರಿ ರೆಪಿನ್ ಮತ್ತು ಬ್ರೆಟ್ ಸ್ಟೀನ್‌ಬಾರ್ಗರ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತು. ಐದು ವಾರಗಳ ಟ್ರೇಡಿಂಗ್ ತರಬೇತಿಗೆ ಸೇರಿದ 80 ಮಂದಿಯ ವ್ಯಕ್ತಿತ್ವವನ್ನು ಅಳೆದು, ಅವರ ಲಾಭ ನಷ್ಟ ಹಾಗೂ ಮನಃಸ್ಥಿತಿಯನ್ನು ದಾಖಲಿಸಿದರು. ಟ್ರೇಡರ್‌ಗೆಂದೇ ಮೀಸಲಾದ ವ್ಯಕ್ತಿತ್ವ ಅವರಿಗೆ ಸಿಗಲಿಲ್ಲ. ಮಾತುಗಾರ, ಮೌನಿ, ಸಾಹಸಿ, ಅಂಜುಬುರುಕ ಎಂಬ ಭೇದ ಫಲಿತಾಂಶವನ್ನು ಹೇಳಲಿಲ್ಲ. ಹೇಳಿದ್ದು ಇನ್ನೊಂದು: ಗೆದ್ದಾಗ ಮತ್ತು ಸೋತಾಗ ಭಾವನೆಗಳು ಅತಿ ತೀವ್ರವಾಗಿ ಏರಿಳಿಯುತ್ತಿದ್ದವರ ಫಲಿತಾಂಶ ಗಮನಾರ್ಹವಾಗಿ ಕೆಟ್ಟದ್ದಾಗಿತ್ತು. ಸೋತಾಗ ಕುಸಿಯುವವರ ಜೊತೆಗೆ ಗೆದ್ದಾಗ ಉಬ್ಬುವವರೂ ಈ ಲೆಕ್ಕಕ್ಕೆ ಸೇರಿದ್ದರು.

ಇದೇ ಪ್ರಶ್ನೆಗೆ ಹಿಂದೊಮ್ಮೆ ಪಂಥದ ರೂಪದಲ್ಲೂ ಉತ್ತರ ಹುಡುಕಲಾಗಿತ್ತು. ಷಿಕಾಗೋದ ಫ್ಯೂಚರ್ಸ್ ವ್ಯಾಪಾರಿ ರಿಚರ್ಡ್ ಡೆನ್ನಿಸ್ ಮತ್ತು ಅವರ ಪಾಲುದಾರ ವಿಲಿಯಂ ಎಕ್‌ಹಾರ್ಟ್ ನಡುವೆ, ಟ್ರೇಡಿಂಗ್ ಕಲಿಸಿದರೆ ಬರುತ್ತದೆಯೋ ಹುಟ್ಟಿನಿಂದಲೇ ಬರಬೇಕೋ ಎಂಬ ವಾದ ಎದ್ದಿತು. ಕಲಿಸಬಹುದು ಎಂದವರು ಡೆನ್ನಿಸ್. 1983ರಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಬೇರೆ ಬೇರೆ ಹಿನ್ನೆಲೆಯವರನ್ನು ಆರಿಸಿ, ಎರಡು ವಾರ ನಿಯಮಗಳನ್ನು ಕಲಿಸಿ ಹಣ ಕೊಟ್ಟು ಕೂರಿಸಿದರು. ಆಮೆಗಳು ಎಂದೇ ಹೆಸರಾದ ಈ ಶಿಷ್ಯರಲ್ಲಿ ಕೆಲವರು ಮುಂದೆ ದಶಕಗಳ ಕಾಲ ದೊಡ್ಡ ಹೂಡಿಕೆ ನಿಧಿಗಳನ್ನು ನಡೆಸಿದರು, ಕೆಲವರು ಅದೇ ನಿಯಮ ಕೈಯಲ್ಲಿಟ್ಟುಕೊಂಡು ಸೋತರು. ಕಲಿಸಿದ ಡೆನ್ನಿಸ್ ಅವರೇ 1987ರ ಕುಸಿತದ ನಂತರ ಭಾರೀ ನಷ್ಟ ಅನುಭವಿಸಿ ಕೆಲಕಾಲ ಮಾರುಕಟ್ಟೆಯಿಂದ ದೂರ ಸರಿದರು. ಅಭ್ಯರ್ಥಿಗಳನ್ನು ಆರಿಸಿ ತೆಗೆದದ್ದರಿಂದ ಇದನ್ನು ಶುದ್ಧ ಪ್ರಯೋಗ ಎನ್ನಲಾಗದು. ಆದರೂ ಒಂದು ಅಂಶ ಉಳಿಯುತ್ತದೆ: ನಿಯಮ ಎಲ್ಲರಿಗೂ ಒಂದೇ ಇತ್ತು, ಅದನ್ನು ಪಾಲಿಸುವುದು ಎಲ್ಲರಿಂದಲೂ ಆಗಲಿಲ್ಲ.

ತಪ್ಪಾಯಿತು ಎಂದು ಒಪ್ಪುವುದು ಏಕೆ ಇಷ್ಟು ಕಷ್ಟ?

ಎಲ್ಲಕ್ಕಿಂತ ಹೆಚ್ಚು ಹಣ ಸೋರುವ ಜಾಗ ಇದು. 1979ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಮಂಡಿಸಿದ ಸಿದ್ಧಾಂತದ ತಿರುಳು ಹೀಗಿದೆ: ಒಂದು ಮೊತ್ತ ಗಳಿಸಿದಾಗ ಆಗುವ ಸಂತೋಷಕ್ಕಿಂತ ಅಷ್ಟೇ ಮೊತ್ತ ಕಳೆದುಕೊಂಡಾಗ ಆಗುವ ನೋವು ದೊಡ್ಡದು, ಅವರ ನಂತರದ ಅಂದಾಜಿನಂತೆ ಸುಮಾರು ಎರಡು ಪಟ್ಟು. ಇದಕ್ಕಿಂತ ಅಪಾಯಕಾರಿಯಾದದ್ದು ಸಿದ್ಧಾಂತದ ಇನ್ನೊಂದು ಭಾಗ. ಲಾಭದಲ್ಲಿರುವಾಗ ಮನುಷ್ಯ ಎಚ್ಚರಿಕೆಯಿಂದ ಇರುತ್ತಾನೆ, ನಷ್ಟದಲ್ಲಿರುವಾಗ ಅದನ್ನು ತಪ್ಪಿಸಿಕೊಳ್ಳಲು ಜೂಜಿಗೂ ಸಿದ್ಧನಾಗುತ್ತಾನೆ.

ಷೇರು ಖಾತೆಯಲ್ಲಿ ಇದು ಹೇಗೆ ಕಾಣುತ್ತದೆ? ಏರಿದ ಷೇರನ್ನು, ಬಂದದ್ದು ಕೈತಪ್ಪೀತೆಂಬ ಭಯದಲ್ಲಿ ಬೇಗ ಮಾರಿಬಿಡುತ್ತಾರೆ. ಇಳಿದ ಷೇರನ್ನು, ಮಾರಿದರೆ ನಷ್ಟ ಖಾಯಂ ಆಗುತ್ತದೆಂದು ಹಿಡಿದು ಕೂರುತ್ತಾರೆ. 1985ರಲ್ಲಿ ಹರ್ಶ್ ಶೆಫ್ರಿನ್ ಮತ್ತು ಮಾಯರ್ ಸ್ಟಾಟ್‌ಮನ್ ಈ ಪ್ರವೃತ್ತಿಯನ್ನು ಗುರುತಿಸಿದರು. 1998ರಲ್ಲಿ ಟೆರೆನ್ಸ್ ಒಡೀನ್ ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳಲ್ಲಿ ಇದನ್ನು ಅಳೆದು ತೋರಿಸಿದರು. ಲಾಭದಲ್ಲಿದ್ದ ಷೇರುಗಳು ನಷ್ಟದಲ್ಲಿದ್ದವುಗಳಿಗಿಂತ ಸುಮಾರು ಒಂದೂವರೆ ಪಟ್ಟು ವೇಗದಲ್ಲಿ ಮಾರಾಟವಾಗುತ್ತಿದ್ದವು. ವ್ಯಂಗ್ಯವೆಂದರೆ, ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಹಿಡಿದು ಕೂತ ಷೇರುಗಳಿಗಿಂತ ಸರಾಸರಿ 3.4 ಶೇಕಡಾ ಅಂಶ ಹೆಚ್ಚು ಗಳಿಸಿದವು.

ಈ ಸಣ್ಣ ಚಾಳಿ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಬೇರಿಂಗ್ಸ್ ಬ್ಯಾಂಕ್ ಸಾಕ್ಷಿ. 1762ರಲ್ಲಿ ಹುಟ್ಟಿದ ಈ ಬ್ರಿಟಿಷ್ ಬ್ಯಾಂಕಿನ ಸಿಂಗಪುರ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಯುವ ಟ್ರೇಡರ್ ಇದ್ದರು. 1992ರಿಂದ ಅವರು ನಷ್ಟಗಳನ್ನು 88888 ಎಂಬ ಸಂಖ್ಯೆಯ ಖಾತೆಯಲ್ಲಿ ಬಚ್ಚಿಡುತ್ತ, ಅವನ್ನು ತುಂಬಿಕೊಳ್ಳಲು ಇನ್ನಷ್ಟು ದೊಡ್ಡ ಪಣ ಕಟ್ಟುತ್ತ ಹೋದರು. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ ಅಲ್ಲಿನ ಷೇರು ಸೂಚ್ಯಂಕ ಕುಸಿಯಿತು. ಲೀಸನ್ ಹಿಂದೆ ಸರಿಯಲಿಲ್ಲ, ಪಣವನ್ನು ಇನ್ನೂ ಏರಿಸಿದರು. ಕೊನೆಗೆ ನಷ್ಟ 82.7 ಕೋಟಿ ಪೌಂಡ್ ಮುಟ್ಟಿ, 233 ವರ್ಷಗಳ ಬ್ಯಾಂಕ್ ಫೆಬ್ರುವರಿಯಲ್ಲಿ ನೆಲಕಚ್ಚಿತು. ಡಚ್ ಸಂಸ್ಥೆ ಐಎನ್‌ಜಿ ಅದನ್ನು ಕೊಂಡದ್ದು ಒಂದು ಪೌಂಡಿಗೆ. ಸಾಮಾನ್ಯ ಖಾತೆಗಳಲ್ಲಿ ಇದರ ಮರಿ ರೂಪವೇ, ಬೆಲೆ ಇಳಿದಂತೆಲ್ಲ ಮತ್ತಷ್ಟು ಕೊಂಡು ಸರಾಸರಿ ತಗ್ಗಿಸುವ ಅಭ್ಯಾಸ. ದೀರ್ಘಾವಧಿ ಹೂಡಿಕೆಯಲ್ಲಿ ಕೆಲವೊಮ್ಮೆ ಅದಕ್ಕೆ ಅರ್ಥವಿರಬಹುದು. ಕಿರು ಅವಧಿಯ ಟ್ರೇಡ್‌ನಲ್ಲಿ ಅದು ಬಹುಮಟ್ಟಿಗೆ ತಪ್ಪನ್ನು ಒಪ್ಪಿಕೊಳ್ಳದಿರುವ ಉಪಾಯ.

ವೃತ್ತಿಪರರು ಈ ದೌರ್ಬಲ್ಯವನ್ನು ಮನೋಬಲದಿಂದ ಗೆಲ್ಲಲು ಹೋಗುವುದಿಲ್ಲ. ಕೊಳ್ಳುವ ಮೊದಲೇ, ತಲೆ ತಣ್ಣಗಿರುವಾಗ, ಎಷ್ಟು ಇಳಿದರೆ ಹೊರಬರಬೇಕು ಎಂದು ನಿರ್ಧರಿಸಿ ಆದೇಶ ಹಾಕಿಡುತ್ತಾರೆ. ಅದೇ ಸ್ಟಾಪ್‌ಲಾಸ್. ರಾತ್ರೋರಾತ್ರಿ ಕೆಟ್ಟ ಸುದ್ದಿ ಬಂದು ಬೆಲೆ ಆ ಮಟ್ಟವನ್ನು ಹಾರಿ ಕೆಳಗೆ ಬಿದ್ದರೆ ಅದೂ ಪೂರ್ತಿ ಕಾಯುವುದಿಲ್ಲ. ಆದರೂ ಬಹಳಷ್ಟು ಟ್ರೇಡ್‌ಗಳಲ್ಲಿ ಅದು ನಿರ್ಧಾರವನ್ನು ಬಿಸಿ ಏರಿದ ತಲೆಯ ಕೈಯಿಂದ ಕಿತ್ತುಕೊಳ್ಳುತ್ತದೆ.

ಹೆಚ್ಚು ಸಲ ತಪ್ಪಾದರೂ ಲಾಭ ಹೇಗೆ?

ಒಬ್ಬರು ಹತ್ತು ಟ್ರೇಡ್‌ಗಳಲ್ಲಿ ನಾಲ್ಕು ಮಾತ್ರ ಗೆಲ್ಲುತ್ತಾರೆ ಎಂದುಕೊಳ್ಳಿ. ಗೆದ್ದಾಗ 2 ಬರುತ್ತದೆ, ಸೋತಾಗ 1 ಹೋಗುತ್ತದೆ. ಬಂದದ್ದು 8, ಹೋದದ್ದು 6, ಉಳಿದದ್ದು 2. ಇನ್ನೊಬ್ಬರು ಹತ್ತರಲ್ಲಿ ಏಳು ಗೆಲ್ಲುತ್ತಾರೆ, ಪ್ರತಿ ಸಲ 1 ಸಿಗುತ್ತದೆ. ಆದರೆ ಸೋತಾಗ ಬಿಡದೆ ಹಿಡಿದು 3 ಕಳೆದುಕೊಳ್ಳುತ್ತಾರೆ. ಬಂದದ್ದು 7, ಹೋದದ್ದು 9. ನಾಲ್ಕು ಜನರ ಮುಂದೆ ಎರಡನೆಯವರೇ ನಿಪುಣರಂತೆ ಕಾಣುತ್ತಾರೆ, ಖಾತೆಯಲ್ಲಿ ಹಣ ಉಳಿಯುವುದು ಮೊದಲನೆಯವರಿಗೆ.

ಸದಾ ಸರಿಯಾಗಿರಬೇಕು ಎಂಬ ಹಟ ಇರುವವರಿಗೆ ಈ ಕೆಲಸ ಒಗ್ಗದಿರುವುದು ಇದೇ ಕಾರಣಕ್ಕೆ. ಓದಿನಲ್ಲಿ, ಉದ್ಯೋಗದಲ್ಲಿ ಮೇಲಕ್ಕೆ ತಂದ ಗುಣವೇ ಇಲ್ಲಿ ತೊಡಕಾಗುತ್ತದೆ. ಹತ್ತರಲ್ಲಿ ಆರು ಸಲ ತಪ್ಪಿ, ಏಳನೆಯದನ್ನು ಅದೇ ನಿಯಮದಂತೆ ಮಾಡುವುದು ಕೇಳಲು ಸುಲಭ, ಮಾಡಲು ಅಲ್ಲ.

ಪಣದ ಗಾತ್ರ

ಗೆಲುವು ಸೋಲು ಸಮ ಸಾಧ್ಯತೆಯಿರುವ 100 ಟ್ರೇಡ್‌ಗಳಲ್ಲಿ, ಎಲ್ಲಾದರೂ ಒಂದು ಕಡೆ ಸತತ ಐದು ಸೋಲು ಬರುವ ಸಾಧ್ಯತೆ ಸುಮಾರು ಶೇ 81. ನಾಣ್ಯ ಚಿಮ್ಮಿದಾಗಿನ ಲೆಕ್ಕವೇ ಇದು. ಸೋಲಿನ ಸರಣಿ ದುರದೃಷ್ಟವಲ್ಲ, ಬರಲೇಬೇಕಾದ ಅತಿಥಿ.

ಪ್ರತಿ ಸಲ ಇರುವ ಬಂಡವಾಳದ ಶೇ 2ರಷ್ಟನ್ನು ಮಾತ್ರ ಅಪಾಯಕ್ಕೆ ಒಡ್ಡುವವರಿಗೆ ಐದು ಸೋಲಿನ ನಂತರ 100ರಲ್ಲಿ 90 ಉಳಿದಿರುತ್ತದೆ. ಶೇ 10ರಷ್ಟು ಒಡ್ಡಿದವರಿಗೆ ಉಳಿಯುವುದು 59. ಮೊದಲಿನವರು ಶೇ 11 ಗಳಿಸಿದರೆ ಮತ್ತೆ ನೂರಕ್ಕೆ ಬರುತ್ತಾರೆ, ಎರಡನೆಯವರು ಸುಮಾರು ಶೇ 69 ಗಳಿಸಬೇಕು. ಅರ್ಧ ಕಳೆದುಕೊಂಡವರು ಇದ್ದದ್ದನ್ನು ದುಪ್ಪಟ್ಟು ಮಾಡಬೇಕು. ಸಾಲದ ಹಣದಲ್ಲಿ ವಹಿವಾಟು ಮಾಡಿದರೆ, ಅಂದರೆ ಲಿವರೇಜ್ ಬಳಸಿದರೆ, ಈ ಇಳಿಜಾರು ಇನ್ನೂ ಕಡಿದಾಗುತ್ತದೆ.

ಬುದ್ಧಿಯ ಮಿತಿ ಗೊತ್ತಾಗುವುದೂ ಇಲ್ಲಿಯೇ. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ನಿಧಿಯ ಪಾಲುದಾರರಲ್ಲಿ ಮೈರನ್ ಷೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇದ್ದರು. 1997ರಲ್ಲಿ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಮರುವರ್ಷ ರಷ್ಯಾ ಸಾಲ ತೀರಿಸಲಾಗದೆ ಕೈಚೆಲ್ಲಿದಾಗ, ಅಪಾರ ಸಾಲದ ಮೇಲೆ ನಿಂತಿದ್ದ ಈ ನಿಧಿ ಕುಸಿಯಿತು. ಅದನ್ನು ಎತ್ತಿಹಿಡಿಯಲು ಹಣಕಾಸು ಸಂಸ್ಥೆಗಳ ಒಂದು ಗುಂಪು ಸುಮಾರು 360 ಕೋಟಿ ಡಾಲರ್ ಸುರಿಯಬೇಕಾಯಿತು. ಬುದ್ಧಿಗೆ ಅಲ್ಲೇನೂ ಬರವಿರಲಿಲ್ಲ.

ಕೈ ಕಟ್ಟಿ ಕೂರುವ ಸಾಮರ್ಥ್ಯ

ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಒಡೀನ್ 1991ರಿಂದ 1996ರವರೆಗೆ ಅಮೆರಿಕದ 66,465 ಕುಟುಂಬಗಳ ಖಾತೆಗಳನ್ನು ಪರಿಶೀಲಿಸಿದರು. ಆ ಅವಧಿಯಲ್ಲಿ ಮಾರುಕಟ್ಟೆ ವರ್ಷಕ್ಕೆ ಶೇ 17.9 ಗಳಿಸಿತು; ಅತಿ ಹೆಚ್ಚು ವಹಿವಾಟು ಮಾಡಿದವರು ಗಳಿಸಿದ್ದು ಶೇ 11.4. ಅವರ ಹಣ ತಿಂದದ್ದು ಮುಖ್ಯವಾಗಿ ವಹಿವಾಟಿನ ಖರ್ಚು. ಅವರದೇ 2001ರ ಇನ್ನೊಂದು ಅಧ್ಯಯನದಲ್ಲಿ ಪುರುಷರು ಮಹಿಳೆಯರಿಗಿಂತ ಶೇ 45ರಷ್ಟು ಹೆಚ್ಚು ವಹಿವಾಟು ಮಾಡಿ, ಅದಕ್ಕೆ ತಕ್ಕಂತೆ ಹೆಚ್ಚು ಕಳೆದುಕೊಂಡಿದ್ದರು. ಅತಿಯಾದ ಆತ್ಮವಿಶ್ವಾಸವೇ ಕಾರಣ ಎಂಬುದು ಅವರ ವಿವರಣೆ.

ಫಿನ್‌ಲೆಂಡ್‌ನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2009ರಲ್ಲಿ ಇನ್ನೂ ಸ್ವಾರಸ್ಯಕರವಾದ ನಂಟೊಂದನ್ನು ಹಿಡಿದರು. ಅತಿವೇಗದ ಚಾಲನೆಗೆ ಹೆಚ್ಚು ಸಲ ದಂಡ ತೆತ್ತವರು ಷೇರುಗಳಲ್ಲೂ ಹೆಚ್ಚು ವಹಿವಾಟು ಮಾಡುತ್ತಿದ್ದರು. ರೋಮಾಂಚನ ಬೇಕೆನಿಸುವ ಸ್ವಭಾವ ರಸ್ತೆ ಬಿಟ್ಟು ಮಾರುಕಟ್ಟೆಗೂ ಬರುತ್ತದೆ ಎಂದಾಯಿತು. ಗಟ್ಟಿ ಗುಂಡಿಗೆಯವರು ಟ್ರೇಡಿಂಗ್‌ಗೆ ಸೆಳೆಯಲ್ಪಡುವುದು ನಿಜ, ಆ ಸೆಳೆತವೇ ಅವರನ್ನು ಬೇಡದ ಟ್ರೇಡ್‌ಗಳಿಗೆ ತಳ್ಳುತ್ತದೆ. ತಮ್ಮ ನಿಯಮಕ್ಕೆ ಹೊಂದುವ ಅವಕಾಶ ಇಡೀ ದಿನ ಬಾರದಿದ್ದರೆ ಏನೂ ಮಾಡದೆ ಎದ್ದುಹೋಗಬಲ್ಲವರು ಒಳ್ಳೆಯ ಟ್ರೇಡರ್‌ಗಳು. ನೋಡುವವರಿಗೆ ಅದು ಬಹಳ ಬೇಸರದ ದೃಶ್ಯ.

ಎಲ್ಲ ನನ್ನ ಕೈಯಲ್ಲಿದೆ ಎಂಬ ಭ್ರಮೆ

ಲಂಡನ್ನಿನ ನಾಲ್ಕು ಹೂಡಿಕೆ ಬ್ಯಾಂಕುಗಳ 107 ಟ್ರೇಡರ್‌ಗಳನ್ನು ಸಂಶೋಧಕರು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲೆ ಏರಿಳಿಯುವ ಗೆರೆಯೊಂದನ್ನು ತೋರಿಸಿದರು. ಕೆಲವು ಕೀಲಿಗಳನ್ನು ಒತ್ತಿದರೆ ಗೆರೆಯ ಮೇಲೆ ಪರಿಣಾಮ ಆಗಬಹುದು ಎಂದು ಹೇಳಲಾಗಿತ್ತು. ನಿಜದಲ್ಲಿ ಗೆರೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ತಾವೇ ಅದನ್ನು ಆಡಿಸಿದೆವು ಎಂದು ಹೆಚ್ಚು ನಂಬಿದವರಿಗೆ ಮೇಲಧಿಕಾರಿಗಳು ಅಪಾಯ ನಿರ್ವಹಣೆಯಲ್ಲಿ ಕಡಿಮೆ ಅಂಕ ಕೊಟ್ಟಿದ್ದರು, ಅವರ ಸಂಬಳವೂ ಕಡಿಮೆಯಿತ್ತು. ಈ ಅಧ್ಯಯನ ಪ್ರಕಟವಾದದ್ದು 2003ರಲ್ಲಿ.

ಅದೃಷ್ಟ ಮತ್ತು ಕೌಶಲವನ್ನು ಬೇರ್ಪಡಿಸಿ ನೋಡಬಲ್ಲ ಕಣ್ಣು ಬೇಕು ಎಂಬುದು ಇದರ ಇನ್ನೊಂದು ಮುಖ. ಸಾವಿರ ಮಂದಿ ನಾಣ್ಯ ಚಿಮ್ಮಿದರೆ ಸತತ ಹತ್ತು ಸಲವೂ ಸರಿಯಾಗಿ ಊಹಿಸಿದವರು ಸರಾಸರಿ ಒಬ್ಬರು ಸಿಗುತ್ತಾರೆ. ಆ ಒಬ್ಬರ ದಿನಚರಿ, ಶಿಸ್ತು, ಬೆಳಗಿನ ಧ್ಯಾನ ಎಲ್ಲವೂ ಗೆಲುವಿನ ಗುಟ್ಟಾಗಿ ಕಾಣತೊಡಗುತ್ತವೆ. ಅದೇ ದಿನಚರಿ ಪಾಲಿಸಿ ಸೋತವರನ್ನು ಯಾರೂ ಮಾತನಾಡಿಸುವುದಿಲ್ಲ. ಯಶಸ್ವಿ ಟ್ರೇಡರ್‌ಗಳ ಗುಣಗಳೆಂದು ಹರಿದಾಡುವ ಪಟ್ಟಿಗಳನ್ನು ಈ ಅನುಮಾನದಿಂದಲೇ ಓದುವುದು ಒಳ್ಳೆಯದು.

ಭಾವನೆಯೇ ಇಲ್ಲದವರು ಗೆಲ್ಲುತ್ತಾರೆಯೇ?

ಇಲ್ಲ. ಲೋ ಮತ್ತು ರೆಪಿನ್ 2002ರಲ್ಲಿ ಹತ್ತು ವೃತ್ತಿಪರ ಟ್ರೇಡರ್‌ಗಳ ಮೈಗೆ ಉಪಕರಣ ಜೋಡಿಸಿ, ಅವರು ನಿಜವಾದ ವಹಿವಾಟು ಮಾಡುವಾಗ ಚರ್ಮದ ಬೆವರು, ಹೃದಯದ ಬಡಿತ ಅಳೆದರು. ಮಾರುಕಟ್ಟೆ ಹೊಯ್ದಾಡಿದಾಗ ಅನುಭವಿಗಳ ದೇಹವೂ ಸ್ಪಂದಿಸಿತು, ಹೊಸಬರಲ್ಲಿ ಕೆಲವು ಸ್ಪಂದನೆಗಳು ಇನ್ನೂ ಜೋರಾಗಿದ್ದವು. ಲಂಡನ್ನಿನ 17 ಪುರುಷ ಟ್ರೇಡರ್‌ಗಳ ಮೇಲೆ ನಡೆದ 2008ರ ಅಧ್ಯಯನದಲ್ಲಿ, ಮಾರುಕಟ್ಟೆಯ ಅನಿಶ್ಚಿತತೆ ಹೆಚ್ಚಿದಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುವುದು ಕಂಡುಬಂತು.

ಸಮಚಿತ್ತದವರಿಗೂ ಎದೆ ಬಡಿದುಕೊಳ್ಳುತ್ತದೆ. ಆ ಬಡಿತಕ್ಕೂ ಖರೀದಿ ಮಾರಾಟದ ಗುಂಡಿಗೂ ನಡುವೆ ಅವರು ಒಂದು ಅಡ್ಡಗೋಡೆ ಕಟ್ಟಿಕೊಂಡಿರುತ್ತಾರೆ: ದಿನಕ್ಕೆ ಇಷ್ಟೇ ನಷ್ಟ, ದಾಟಿದರೆ ಪರದೆ ಬಂದ್ ಎಂಬಂಥ ನಿಯಮ. ಸೋತ ತಕ್ಷಣ ಅದನ್ನು ಹಿಂದಕ್ಕೆ ಕಿತ್ತುಕೊಳ್ಳಲು ಮಾಡುವ ಟ್ರೇಡ್ ಈ ಗೋಡೆ ಇಲ್ಲದ ಕಡೆ ಹುಟ್ಟುತ್ತದೆ. ಮನೆ ಖರ್ಚಿಗೆ ಬೇಕಾದ ಹಣದಲ್ಲಿ, ಅಥವಾ ಸಾಲ ತಂದು ಟ್ರೇಡ್ ಮಾಡುವವರಿಗೆ ಗೋಡೆ ಕಟ್ಟುವುದೇ ಕಷ್ಟ. ಅಲ್ಲಿ ದೋಷ ಸ್ವಭಾವದ್ದಲ್ಲ, ಹಣದ್ದು.

ನಿಮ್ಮ ಸ್ವಭಾವ ತಿಳಿಯುವುದು ಹೇಗೆ?

ವ್ಯಕ್ತಿತ್ವ ಪರೀಕ್ಷೆಗಿಂತ ಖಾತೆಯ ದಾಖಲೆ ಪ್ರಾಮಾಣಿಕ. ಪ್ರತಿ ಟ್ರೇಡ್‌ಗೂ ಏಕೆ ಕೊಂಡೆ, ಎಲ್ಲಿ ಹೊರಬರಬೇಕೆಂದುಕೊಂಡೆ, ನಿಜವಾಗಿ ಎಲ್ಲಿ ಹೊರಬಂದೆ ಎಂದು ಆಗಲೇ ಬರೆದಿಡುವುದು ವೃತ್ತಿಯಲ್ಲಿ ರೂಢಿ. ನಿಯಮದಂತೆ ಮಾಡಿ ಸೋತದ್ದು ಒಂದು ಸಾಲಿನಲ್ಲಿ, ನಿಯಮ ಮುರಿದು ಗೆದ್ದದ್ದು ಇನ್ನೊಂದು ಸಾಲಿನಲ್ಲಿ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಕೆಟ್ಟ ಅಭ್ಯಾಸಕ್ಕೆ ಬಹುಮಾನ ಕೊಡುತ್ತದೆ.

ಇಲ್ಲಿಯವರೆಗೆ ಏನೂ ಬರೆದಿಡದವರೂ ಬ್ರೋಕರ್ ಕೊಡುವ ವಹಿವಾಟಿನ ವಿವರಪಟ್ಟಿ ತೆರೆದು ಮೂರು ಲೆಕ್ಕ ಹಾಕಬಹುದು. ಲಾಭದ ಷೇರುಗಳನ್ನು ಸರಾಸರಿ ಎಷ್ಟು ದಿನ ಇಟ್ಟುಕೊಂಡಿರಿ, ನಷ್ಟದವನ್ನು ಎಷ್ಟು ದಿನ? ದೊಡ್ಡ ನಷ್ಟವೊಂದರ ಮರುದಿನ ಎಷ್ಟು ಟ್ರೇಡ್ ಮಾಡಿದಿರಿ, ಉಳಿದ ದಿನಗಳಲ್ಲಿ ಎಷ್ಟು? ಬ್ರೋಕರೇಜ್ ಮತ್ತು ತೆರಿಗೆಗೆ ಹೋದ ಒಟ್ಟು ಮೊತ್ತ ಬಂಡವಾಳದ ಶೇಕಡಾ ಎಷ್ಟು? ಕೆಲವೇ ಟ್ರೇಡ್‌ಗಳಾಗಿದ್ದರೆ ಲಾಭ ನಷ್ಟದ ಅಂಕಿ ಏನನ್ನೂ ಸಾಬೀತು ಮಾಡುವುದಿಲ್ಲ, ಅದರಲ್ಲಿ ಅದೃಷ್ಟದ ಪಾಲು ಬಹಳ. ಈ ಮೂರು ಉತ್ತರಗಳು ಮಾತ್ರ ಅಷ್ಟರಲ್ಲೇ ಒಂದು ದಿಕ್ಕು ತೋರಿಸತೊಡಗುತ್ತವೆ.